ಜಗಳೂರಿನಲ್ಲಿ ಮುಳುಗಿದ ಚಟ್ನಿ ಬಟ್ಟಲು

ನ್ಯಾಮತಿಯಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ನಾನೂ ಅತ್ತೆಯೂ ಹೊರಟೆವು. ಆಧಾರ್ ಕಾರ್ಡು ತೋರಿಸಿದ್ದಕ್ಕೆ ಇಬ್ಬರಿಗೂ ಉಚಿತ ಟಿಕೆಟ್ಟು ಸಿಕ್ಕಿತು. ಅತ್ತೆ ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಂಡರು. ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ರುದ್ರಪ್ಪ ಎನ್ನುವವರು ಜಗಳೂರಿನ ತಮ್ಮ ಮನೆಯ ಮೂರು ಕೋಣೆಗಳನ್ನೇ ಗಡಿಯಾರಗಳ ಮ್ಯೂಸಿಯಂ ಮಾಡಿದ್ದಾರೆಂದು ನಮ್ಮ ಸಂಘದ ಗೆಳತಿ ಹೇಳಿದ್ದಳು. ನೋಡುವ ಆಸೆ ನನ್ನದು. ಅತ್ತೆಗೆ ಮನಸ್ಸಿರಲಿಲ್ಲ.

"ನನಗೆ ಗಡಿಯಾರ ನೋಡಾಕೇ ಬರಲ್ಲ. ಅಲ್ಲಿಗೆ ಬಂದು ಏನು ಮಾಡ್ಲಿ? ಕಾನ್ವೆಂಟು ಓದಿದಾಕೆ ನೀನು, ನೀನೇ ಹೋಗು."

"ಬಸ್ಸಲ್ಲಿ ನನ್ನ ಬೈಯಾಕೆ ಯಾರಾದ್ರೂ ಬೇಕಲ್ಲ ಅತ್ತೆ," ಎಂದು ಎಳೆದುಕೊಂಡು ಬಂದಿದ್ದೆ.

ಹೊನ್ನಾಳಿಯ ಸೇತುವೆಯ ಮೇಲೆ ತುಂಗಭದ್ರೆಯಿಂದ ತಣ್ಣನೆ ಗಾಳಿ ಬಂತು. ದಾವಣಗೆರೆಯಲ್ಲಿ ಇಳಿದು, ಇಡ್ಲಿ ತಿಂದು, ಜಗಳೂರಿನ ಬಸ್ಸು ಹತ್ತಿದೆವು. ಬಿಳಿಚೋಡಿನ ಹತ್ತಿರ ಕುರಿಹಿಂಡು ರಸ್ತೆ ದಾಟುವವರೆಗೆ ಬಸ್ಸು ನಿಂತಿತು. ಜಗಳೂರು ತಲುಪಿದಾಗ ಹತ್ತೂಮುಕ್ಕಾಲು. ಬಿಸಿಲು ಆಗಲೇ ಚುರುಕಾಗಿತ್ತು.

ರುದ್ರಪ್ಪನವರ ಮನೆಯ ಮೊದಲ ಕೋಣೆಯಲ್ಲಿ ಹಿಂದಿನವರು ವೇಳೆ ಅಳೆಯುತ್ತಿದ್ದ ನೆರಳಿನ ಕಡ್ಡಿ, ಮರಳಿನ ಗಾಜು, ಗೆರೆ ಎಳೆದ ಮೇಣದ ಬತ್ತಿ ಇದ್ದವು. ಎರಡನೆಯ ಕೋಣೆಯ ಗೋಡೆ ತುಂಬಾ ಲೋಲಕದ ಗಡಿಯಾರಗಳು. ನಾವು ಒಳಗೆ ಕಾಲಿಟ್ಟಾಗಲೇ ಹನ್ನೊಂದು ಹೊಡೆಯಲು ಶುರುವಾಯಿತು. ಒಂದು ಮುಗಿಸುವಷ್ಟರಲ್ಲಿ ಇನ್ನೊಂದು. ಕೊನೆಯದು ನಿಲ್ಲುವವರೆಗೆ ನಾನು ಸೆರಗು ಹಿಡಿದುಕೊಂಡೇ ನಿಂತಿದ್ದೆ.

"ಎಲ್ಲಾ ಒಂದೇ ಸಲ ಹೊಡೀಬಾರದಾ?" ಎಂದರು ಅತ್ತೆ.

"ಒಂದೇ ಸಲ ಹೊಡೆದ್ರೆ ಯಾವುದರ ಗಂಟಲು ಕಟ್ಟೈತೆ ಅಂತ ಗೊತ್ತಾಗಲ್ರಿ ಅಮ್ಮಾ," ಎಂದರು ರುದ್ರಪ್ಪನವರು.

ಮೂರನೆಯ ಕೋಣೆಯಲ್ಲಿ ಅವರು ಒಂದು ಕೈಗಡಿಯಾರದ ಬೆನ್ನು ಬಿಚ್ಚಿ, ನನ್ನ ಕಣ್ಣಿಗೆ ಭೂತಗಾಜು ಕೊಟ್ಟರು. ತಲೆಗೂದಲಿಗಿಂತ ಸಣ್ಣ ತಂತಿಯ ಸುರುಳಿ ಹಿಗ್ಗುತ್ತ ಕುಗ್ಗುತ್ತ ಇತ್ತು. ಅದರ ಸುತ್ತ, ಸಾಸಿವೆಯೇ ದೊಡ್ಡದೆನ್ನಿಸುವಷ್ಟು ಪುಟ್ಟ ತಿರುಪುಗಳು. ಒಂದನೇ ಕ್ಲಾಸಿನಲ್ಲಿ ಸಿಸ್ಟರ್ ರಟ್ಟಿನ ಗಡಿಯಾರದ ಮುಳ್ಳು ತಿರುಗಿಸಿ ವೇಳೆ ಹೇಳಲು ಕಲಿಸಿದ್ದರು. ಇಷ್ಟು ವರ್ಷ ಮುಳ್ಳನ್ನಷ್ಟೇ ನೋಡಿದ್ದೆನಲ್ಲ ಅನ್ನಿಸಿತು. ಅತ್ತೆಯೂ ಬಗ್ಗಿ ನೋಡಿ, "ಅಯ್ಯೋ ಶೈಲಾ, ಉಸಿರಾಡ್ತೈತೆ!" ಎಂದರು.

ಮೂಲೆಯಲ್ಲಿ ನೀರು ತುಂಬಿದ ಒಂದು ಗಾಜಿನ ಪಾತ್ರೆ ಮಾತ್ರ ಇತ್ತು. ಚೀಟಿಯಲ್ಲಿ 'ಗಳಿಗೆ ಬಟ್ಟಲು, ಇನ್ನೂ ಸಿಕ್ಕಿಲ್ಲ' ಎಂದು ಬರೆದಿತ್ತು. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲು ಅದು, ನೀರಿನ ಮೇಲೆ ತೇಲಬಿಟ್ಟರೆ ತುಂಬಿ ಮುಳುಗಲು ಸರಿಯಾಗಿ ಇಪ್ಪತ್ನಾಲ್ಕು ನಿಮಿಷ, ಎಂದರೆ ಒಂದು ಗಳಿಗೆ ಬೇಕು ಎಂದು ರುದ್ರಪ್ಪನವರು ವಿವರಿಸಿದರು.

"ನಮ್ಮ ಮಾವನೋರ ಹತ್ರ ಇತ್ತು," ಎಂದರು ಅತ್ತೆ. "ಊರಾಗೆ ಯಾರ ಮದುವೆ ಆದ್ರೂ ಒಯ್ಯೋರು. ಅದು ಮುಳುಗಿದ ಮ್ಯಾಲೇ ನನಗೆ ತಾಳಿ ಕಟ್ಟಿದ್ದು. ಪಾಲಾದಾಗ ಯಾರ ಕೈ ಸೇರ್ತೋ."

ಮಧ್ಯಾಹ್ನ ರುದ್ರಪ್ಪನವರ ಜಗಲಿಯ ಮೇಲೆಯೇ ಅವರನ್ನೂ ಕೂರಿಸಿಕೊಂಡು ಬುತ್ತಿ ಬಿಚ್ಚಿದೆವು. ರೊಟ್ಟಿ, ಎಣ್ಣೆಗಾಯಿ, ನಮ್ಮ ಮಾಮೂಲಿ ಬಟ್ಟಲಲ್ಲಿ ಶೇಂಗಾ ಚಟ್ನಿ. ಚಟ್ನಿ ಮುಗಿದು ತಳ ಕಂಡಾಗ ರುದ್ರಪ್ಪನವರ ಕೈ ಅಲ್ಲೇ ನಿಂತಿತು.

"ಈ ಬೆಸುಗೆ ಯಾರು ಹಾಕಿದ್ರೀ? ತಳದ ನಟ್ಟ ನಡುವೆ ಐತಲ್ಲ?"

ಮದುವೆಯಾದ ಹೊಸದರಲ್ಲಿ ಅಟ್ಟದ ಮೇಲೆ ಕಪ್ಪಾಗಿ ಬಿದ್ದಿದ್ದ ಬಟ್ಟಲು ಅದು. ಸೋರುತ್ತದೆಂದು ಕಲಾಯಿಯವರಿಗೆ ಕೊಟ್ಟು ತೂತು ಮುಚ್ಚಿಸಿ, ಒಳಗೆ ಬೆಳ್ಳಗೆ ಕಲಾಯಿ ಹಾಕಿಸಿದವಳು ನಾನು. ಹೊಸ ಸೊಸೆಯ ಅಚ್ಚುಕಟ್ಟುತನ! ಇಬ್ಬರ ಮುಂದೆಯೂ ಹೇಳಿಬಿಟ್ಟೆ.

ಅತ್ತೆ ಬಟ್ಟಲನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇಪ್ಪತ್ತು ವರ್ಷದಿಂದ ನಮ್ಮ ಮಾವನೋರ ಗಳಿಗೇಲಿ ಚಟ್ನಿ ತಿಂತಿದೀನಾ ನಾನು?"

ರುದ್ರಪ್ಪನವರು ನಗಲಿಲ್ಲ. "ಬೆಸುಗೆ ತೆಗೀಬೋದು. ಹಾಕೋವಾಗ ತೂತು ಕೆರೆದು ಅಗಲ ಮಾಡಿದ್ರೆ ಮಾತ್ರ ಈ ಬಟ್ಟಲಿನ ವೇಳೆ ಹೋದಂಗೇ," ಎಂದರು. ನಾನು ಬಳೆಯಿಂದ ಪಿನ್ನು ತೆಗೆದುಕೊಟ್ಟರೆ, "ಚುಚ್ಚಬ್ಯಾಡ್ರಿ!" ಎಂದು ಕೈ ತಡೆದರು. ಕಾದ ಕಡ್ಡಿ ಮುಟ್ಟಿಸಿ, ಕರಗಿದ ಸೀಸವನ್ನು ಊದಿ ಹಾರಿಸಿದರು. ಬಿಸಿಲಿಗೆ ಹಿಡಿದಾಗ ಬೆಳಕಿನ ಒಂದೇ ಒಂದು ಚುಕ್ಕೆ ಕಂಡಿತು.

ಅಲ್ಲಿಂದ ಅತ್ತೆಯದೇ ಯಜಮಾನಿಕೆ. "ಹುಣಸೆಹಣ್ಣು ತರ್ರಿ, ಎಣ್ಣೆ ಜಿಡ್ಡು ಹೋಗ್ಲಿ. ಆ ನೀರು ಚೆಲ್ರಿ, ಬಟ್ಟೇಲಿ ಸೋಸಿದ ನೀರು ಹಾಕ್ರಿ. ಫ್ಯಾನು ಆರಿಸ್ರಿ, ಗಾಳಿಗೆ ವಾಲ್ತೈತೆ." ಅಷ್ಟೊಂದು ಗಡಿಯಾರ ಬಲ್ಲ ರುದ್ರಪ್ಪನವರು ಹೇಳಿದಂತೆ ಓಡಾಡಿದರು.

ಅತ್ತೆ ಎರಡು ಬೆರಳಿನಿಂದ ಬಟ್ಟಲನ್ನು ನೀರಿಗಿಟ್ಟರು. ತಳದಿಂದ ನೀರು ದಾರದ ಎಳೆಯಂತೆ ಚಿಮ್ಮಿತು. ದಾವಣಗೆರೆಯ ಬಸ್ಸು ಹೊರಡುವ ಹೊತ್ತಾಗಿತ್ತು. ಯಾರೂ ಅದರ ಮಾತೆತ್ತಲಿಲ್ಲ. ಗೋಡೆಯ ಗಡಿಯಾರಗಳೆಲ್ಲ ಟಿಕ್‌ಟಿಕ್ ಎನ್ನುತ್ತಿದ್ದರೆ, ಇದು ಮಾತ್ರ ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು. ವೇಳೆ ಬಂದು ಸೇರುವುದನ್ನು ನಾನು ಕಣ್ಣಾರೆ ಕಂಡದ್ದು ಅವತ್ತೇ. ಅಂಚಿಗೆ ನೀರು ಸಮನಾದಾಗ ಬಟ್ಟಲು ಒಮ್ಮೆ ನಡುಗಿತು. ಆಮೇಲೆ ಡುಬುಕ್ ಎಂದು ಮುಳುಗಿತು. ಅತ್ತೆಯ ಕೈ ತಾನಾಗಿ ತಾಳಿಯ ಮೇಲೆ ಹೋಯಿತು.

"ಇಪ್ಪತ್ಮೂರು ನಿಮಿಷ," ಎಂದರು ರುದ್ರಪ್ಪನವರು. "ತೂತು ನೆಟ್ಟಗೈತೆ ಅನ್ಸುತ್ತೆ. ಕಲಾಯಿ ಭಾರಕ್ಕೆ ಬೇಗ ಮುಳುಗ್ತೈತೆ."

"ಒಂದು ನಿಮಿಷ ನಾನೇ ತಿಂದುಬಿಟ್ಟೆ ಅತ್ತೆ," ಎಂದೆ.

"ತಿಂದಾಕೇನೇ ತಿಕ್ಕು. ಕಲಾಯಿ ಹೆಂಗೆ ಬಂತೋ ಹಂಗೆ ಹೋಗ್ತೈತೆ." ರುದ್ರಪ್ಪನವರ ಕಡೆ ತಿರುಗಿ, "ಪೂರ್ತಿ ಗಳಿಗೆ ಆದ ಮ್ಯಾಲೆ ನಾನೇ ತಂದು ನಿಮ್ಮ ಪಾತ್ರೇಲಿ ಬಿಡ್ತೀನ್ರಿ. ಅಲ್ಲೀತನಕ ಆ ಚೀಟಿ ಹರೀಬ್ಯಾಡ್ರಿ," ಎಂದರು.

ಸಂಜೆಯ ಬಸ್ಸಿನಲ್ಲಿ ದಾವಣಗೆರೆಯವರೆಗೂ ಬಟ್ಟಲು ಅತ್ತೆಯ ಮಡಿಲಲ್ಲೇ ಇತ್ತು. ಈಗ ಪ್ರತಿ ಸೋಮವಾರ ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕುತ್ತೇನೆ. ಒಳಗೆ ಅಲ್ಲಲ್ಲಿ ತಾಮ್ರದ ಕೆಂಪು ಕಾಣತೊಡಗಿದೆ. ಹೋದ ವಾರ ನೀರಿಗೆ ಬಿಟ್ಟಾಗ ಇಪ್ಪತ್ಮೂರೂವರೆ ನಿಮಿಷ ತೇಲಿತು.