ದೇವರ ಮುಂದೆ ಮಲಗಿದ್ದ ಶಾಕ್ ಅಬ್ಸಾರ್ಬರ್

ನಮ್ಮ ಬಾವನಿಗೆ ಸೊಂಟ ಹಿಡಿದಾಗ ಓಣಿಯವರೆಲ್ಲ ಬಂದು ಒಂದೊಂದು ಎಣ್ಣೆಯ ಹೆಸರು ಹೇಳಿ ಹೋದರು. ನನ್ನ ನೆಗೆಣ್ಣಿ ಎಲ್ಲರಿಗೂ ಚಹಾ ಕೊಟ್ಟು, ಹೂಂ ಹೂಂ ಎಂದು ಕೇಳಿ, ಅವರು ಎದ್ದು ಹೋದ ಮೇಲೆ ಸೀರೆಯ ನೆರಿಗೆ ಎತ್ತಿ ಕಟ್ಟಿ, ಅಂಗಳದಲ್ಲಿ ನಿಂತಿದ್ದ ಬಾವನ ಲಾರಿಯ ಕೆಳಗೆ ತೂರಿದಳು. ಬಾವ ಅವಳ ಗಂಡ, ನನ್ನ ಗಂಡನ ಅಣ್ಣ. ಅವಳನ್ನು ನಾನು ಅಕ್ಕ ಎನ್ನುತ್ತಿದ್ದೆ.

ಎಪ್ಪತ್ತರ ದಶಕದ ಮಾತು. ನಾನು ಬೈಲಹೊಂಗಲದ ಆ ಮನೆಗೆ ಸೊಸೆಯಾಗಿ ಬಂದು ಬಹಳ ದಿನ ಆಗಿರಲಿಲ್ಲ. ಬಾವ ಹತ್ತಿ, ಶೇಂಗಾ ಹೇರಿಕೊಂಡು ಸವದತ್ತಿ, ರಾಮದುರ್ಗದ ಕಡೆ ಹೋಗಿಬರುತ್ತಿದ್ದರು. ಲಾರಿ ಸ್ವಂತದ್ದೇ, ಆದರೆ ಒಬ್ಬರ ಕೈದಾಟಿ ಬಂದದ್ದು. ಮುಂದಿನ ಗಾಲಿಗಳ ಶಾಕ್ ಅಬ್ಸಾರ್ಬರ್ ಹಾಳಾಗಿದ್ದವೆಂದು ಹಳೆಯ ಮಾಲೀಕ ಬಿಚ್ಚಿ ಒಗೆದಿದ್ದ. ಅದೊಂದು ಎಣ್ಣೆ ತುಂಬಿದ ಕಬ್ಬಿಣದ ಕೊಳವೆ. ತಗ್ಗಿಗೆ ಬಿದ್ದ ಗಾಡಿ ಸ್ಪ್ರಿಂಗ್ ಪಟ್ಟಿಯ ಮೇಲೆ ಪುಟಿಯುತ್ತಲೇ ಇರದಂತೆ ತಡೆಯುತ್ತದೆ. ಬಾವನಿಗೆ ಅದು ಇಲ್ಲದ್ದೇ ಒಂದು ಜಂಬ. "ಗಾಡಿ ಕುಣದಷ್ಟೂ ಚಲೋ, ಡ್ರೈವರಗ ನಿದ್ದಿ ಬರಂಗಿಲ್ಲ" ಎನ್ನುತ್ತಿದ್ದರು. ಗಾಡಿ ವರ್ಷಗಟ್ಟಲೆ ಕುಣಿಯಿತು, ಕೊನೆಗೆ ಸೊಂಟ ಬಿತ್ತು.

ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಹೀಗೇ ಕುಲುಕಿಸಿಕೊಂಡರೆ ಸ್ಟೇರಿಂಗ್ ಮುಂದೆ ಕೂಡುವ ಆಸೆ ಬಿಡಬೇಕಾಗುತ್ತದೆ ಎಂದರು. ಬಾವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ, ಗೊತ್ತಿದ್ದರೂ ಬೇಡವಾಗಿತ್ತು. ಮನೆಯಲ್ಲಿ ನಿಂತರೆ ತಪ್ಪು, ಕುಂತರೆ ತಪ್ಪು ಎಂದು ಸಿಡುಕುವ ಮನುಷ್ಯ ಅಂದಿನಿಂದ ಬಾಯಿಯನ್ನೇ ಬಿಡಲಿಲ್ಲ. ಆ ಮೌನ ನನಗೆ ಅವರ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಲಾರಿಯ ಕೆಳಗೆ ನೋಡಿ ಬಂದಿದ್ದ ಅಕ್ಕ, ಹೊಸ ಕೊಳವೆ ಹಾಕಲೇಬೇಕೆಂದು ನನ್ನ ಗಂಡನನ್ನು ಹುಬ್ಬಳ್ಳಿಗೆ ಅಟ್ಟಿದಳು. ಅವರು ಹತ್ತಿ ಗಿರಣಿಯಲ್ಲಿ ಫಿಟ್ಟರ್. ಲಾರಿ ಕಂಪನಿಯದಲ್ಲದ, ಬೇರೆಯವರು ಮಾಡಿದ ಒಂದು ಜೋಡಿ ಶಾಕ್ ಅಬ್ಸಾರ್ಬರ್ ತಂದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಚೀಲವನ್ನು ಕಾಲಸಂದಿಯಲ್ಲಿ ನಿಲ್ಲಿಸಿಕೊಂಡೇ ಬಂದಿದ್ದರಂತೆ.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಕುಡಗೋಲಿರಲಿ, ಕೊಡಲಿ ಇರಲಿ, ಹೊಸ ಕಬ್ಬಿಣ ಬಂದರೆ ಒಂದು ರಾತ್ರಿ ದೇವರ ಜಗಲಿಯ ಮುಂದೆ ಮಲಗಬೇಕು, ಆಮೇಲೆಯೇ ಕೆಲಸಕ್ಕೆ. ಅಕ್ಕ ಎರಡನ್ನೂ ವಸ್ತ್ರದ ಮೇಲೆ ಅಡ್ಡ ಮಲಗಿಸಿ, ವಿಭೂತಿ ಹಚ್ಚಿ, ಕಣಗಿಲೆ ಹೂವು ಏರಿಸಿದಳು.

ಮುಂಜಾನೆ ಬಾವ ಗೋಡೆ ಹಿಡಿದು ಎದ್ದು ಬಂದು ಒಂದನ್ನು ಕೈಗೆತ್ತಿಕೊಂಡು ಒತ್ತಿದರು. ಅದು ಸರಕ್ಕನೆ ಅರ್ಧ ಒಳಗೆ ಹೋಯಿತು. ಇನ್ನೊಂದೂ ಹಾಗೆಯೇ. ಬಾವನ ಮುಖ ಸಪ್ಪಗಾಯಿತು. "ಟೊಳ್ಳು ಅದಾವು. ನಿನಗ ಟೊಪ್ಪಿಗಿ ಹಾಕ್ಯಾರ" ಎಂದು ತಮ್ಮನಿಗೆ ಹೇಳಿದರು. ನನ್ನ ಗಂಡ, ತಾನು ನೋಡಿಯೇ ತಂದದ್ದು ಎಂದರು. ಇಬ್ಬರಿಗೂ ಜಗಳ ಹತ್ತಿಕೊಂಡಿತು. ಆ ಮನೆಯ ಗಂಡಸರು ತಪ್ಪು ಯಾರದೆಂದು ತೀರ್ಮಾನವಾಗುವ ತನಕ ಊಟಕ್ಕೂ ಏಳುವವರಲ್ಲ.

ಅಕ್ಕ ನಡುವೆ ಬಂದು ನಿಂತಳು. "ನಿನ್ನೆ ಚೀಲದಿಂದ ತಗಿಯೂಮುಂದ ನಾ ಒತ್ತಿ ನೋಡೇನಿ, ಜಗ್ಗಿರಲಿಲ್ಲ. ಅದನ್ನ ಮಲಗಿಸಿದಾಕಿ ನಾನ. ಒಳಗಿನ ಎಣ್ಣಿ ಒಂದ ಮಗ್ಗಲಿಗೆ ಹೋಗಿ ಗಾಳಿ ಹೊಕ್ಕಿರಬೇಕು. ತಪ್ಪು ನಂದು, ಅಂಗಡಿಯವಂದಲ್ಲ, ನಿಮ್ದೂ ಅಲ್ಲ. ಈ ಕಡೆ ಕೊಡ್ರಿ."

ಕೊಳವೆಯನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಒನಕೆ ಹಿಡಿದವಳ ಹಾಗೆ ಎತ್ತಿ ಒತ್ತತೊಡಗಿದಳು. ಮೊದಮೊದಲು ಬುಸ್ ಬುಸ್ ಎಂದಿತು. ಬರಬರುತ್ತ ಬಿಗಿಯಾಗಿ, ಕಡೆಗೆ ಅವಳ ಮೈಭಾರವನ್ನೆಲ್ಲ ಹಾಕಿದರೂ ಮೆಲ್ಲಗೆ, ಸಾವಕಾಶ ಇಳಿಯಿತು. ಹಣೆಯ ಬೆವರು ಒರೆಸಿಕೊಂಡು ಇನ್ನೊಂದನ್ನು ಎತ್ತಿಕೊಂಡಳು. ಬುದ್ಧಿವಂತರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ತಪ್ಪು ನನ್ನದು ಎಂದು ಅಷ್ಟು ಹಗುರಾಗಿ ಹೇಳಿ, ಅದೇ ಉಸಿರಿನಲ್ಲಿ ಕೆಲಸಕ್ಕೆ ಬಗ್ಗಿದವರು ಕಡಿಮೆ. ಹಳೇ ನೆಗೆಣ್ಣಿ ಅಂದರೆ ಹೊಸಬಳ ಪಾಲಿಗೆ ಪೊಲೀಸು ಎಂದುಕೊಂಡೇ ಬಂದಿದ್ದ ನಾನು ಅವಳನ್ನು ಮನಸಾರೆ ಮೆಚ್ಚಿದ್ದು ಆ ಬೆಳಿಗ್ಗೆ.

ಅಂಗಳದಲ್ಲೇ ಜಾಕ್ ಏರಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ನನ್ನ ಗಂಡ ಲಾರಿಯ ಕೆಳಗೆ ಹೊಕ್ಕರು. ತುಕ್ಕು ಹಿಡಿದ ಬೋಲ್ಟುಗಳಿಗೆ ಅಕ್ಕ ಸೀಮೆಎಣ್ಣೆ ಕುಡಿಸಿದಳು, ನಾನು ನಟ್ಟು ತಿರುಗಿಸುವ ಪಾನಾ ಎತ್ತಿ ಕೊಟ್ಟೆ. ಬಾವ ಹೊರಸಿನ ಮೇಲೆ ಮಲಗಿದ್ದಲ್ಲಿಂದಲೇ ಹುಕುಂ ಹೊರಡಿಸತೊಡಗಿದರು. "ನಟ್ಟು ಈಗ ಪೂರಾ ಬಿಗೀಬ್ಯಾಡ. ಗಾಲಿ ನೆಲಕ್ಕ ಕುಂತು ಭಾರ ಬಿದ್ದ ಮ್ಯಾಲ ಬಿಗಿ, ಇಲ್ಲಂದ್ರ ರಬ್ಬರ್ ತಿರುವಿ ಹರಿತೈತಿ." ಎಷ್ಟೋ ದಿನಗಳ ಮೇಲೆ ಲಾರಿಯ ಸುತ್ತ ಕೇಳಿದ ಆ ಗದರಿಕೆಗೆ ಅಕ್ಕ ನನ್ನ ಕಡೆ ನೋಡಿ ನಕ್ಕಳು.

ಮಧ್ಯಾಹ್ನ ಬಾವ ತಮ್ಮನನ್ನು ಪಕ್ಕಕ್ಕೆ ಕೂಡಿಸಿಕೊಂಡು ಖಾಲಿ ಲಾರಿ ಹೊರಡಿಸಿದರು. ಖಾಲಿ ಗಾಡಿಯೇ ಹೆಚ್ಚು ಜಿಗಿಯುವುದು, ಪರೀಕ್ಷೆಗೆ ಅದೇ ಸರಿ ಎಂದರು. "ನೇಸರಗಿ ತನಕ ಹೋಗಿ ಬರತೇನಿ. ಸೊಂಟ ತಡೀಲಿಲ್ಲಂದ್ರ ಕೀಲಿ ಬ್ಯಾರೆ ಡ್ರೈವರ್ ಕೈಗೆ ಕೊಡೋದ. ಮತ್ತ ಆ ಮಾತು ತಗಿಯೂದು ಬ್ಯಾಡ."

ಅಕ್ಕ ರೊಟ್ಟಿ ಬಡಿಯಲು ಕುಳಿತಳು. ಎಂದೂ ಹರಿಯದ ರೊಟ್ಟಿ ಅಂದು ಅವಳ ಕೈಯಲ್ಲಿ ಹರಿಯಿತು. ನಾನು ಕಂಡೂ ಕಾಣದಂತೆ ಇದ್ದೆ.

ಹೊತ್ತು ಇಳಿಯುವಾಗ ಲಾರಿ ಬಂದು ಅಂಗಳದಲ್ಲಿ ನಿಂತಿತು. ನನ್ನ ಗಂಡ ಇಳಿದು ಕೈತೊಳೆಯಲು ಹೋದರು. ಬಾವ ಇಳಿಯಲಿಲ್ಲ. ಎಂಜಿನ್ ಬಂದ್ ಆಗಿತ್ತು, ಕೈ ಸ್ಟೇರಿಂಗ್ ಮೇಲೆಯೇ ಇತ್ತು. ಅಕ್ಕ ಹಿಟ್ಟಿನ ಕೈಯಲ್ಲೇ ಹೋಗಿ ಬಾಗಿಲ ಕೆಳಗೆ ನಿಂತಳು.

"ಯಾಕ್ರಿ, ಇಳಿಯಾಕ ಆಗವಲ್ತೇನು?"

"ಆಗತೈತಿ" ಎಂದರು ಬಾವ. "ಸೊಂಟ ತಡದೈತಿ. ಇನ್ನ ಸ್ವಲ್ಪ ಹೊತ್ತು ಕುಂದರತೇನಿ."

 ಅಕ್ಕ ಒಳಗೆ ಬಂದು ಕೈತೊಳೆದು, ಚಹಾ ಕಾಸಿ, ಕಪ್ಪು-ಬಸಿಯಲ್ಲಿ ಹಾಕಿ ಲಾರಿಗೇ ಒಯ್ದು ಕೊಟ್ಟಳು.