ಹಾಡಿನ ನಡುವೆ ಬಂದ ದನಿ

ಸತ್ತವರ ದನಿ ಕೇಳಿಸಿತು ಎನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಈಗ ಜನ ನನ್ನನ್ನು ನೋಡಿ ನಗುತ್ತಾರೆ. ನಗಲಿ. ನಡೆದದ್ದನ್ನು ಹೇಳಲು ನನಗೆ ಯಾರ ಹಂಗೂ ಇಲ್ಲ.

ಮೂರು ವರ್ಷದ ಹಿಂದೆ ಆಫೀಸಿನ ಗೆಳತಿ ಸುಮಾ ಜೊತೆ ಬೆಟ್ಟದ ಮೇಲಿನ ಸೋಲಿಗರ ಊರೊಂದಕ್ಕೆ ಹೋಗಿದ್ದೆ. ಅಲ್ಲಿಯವರೇ ಆದ ಮಾದಮ್ಮ ನಮ್ಮನ್ನು ಊರಿನ ಅಂಚಿನಲ್ಲೇ ನಿಲ್ಲಿಸಿ, "ಮೇಡಂ, ಹೆಂಗಸ್ರು ಪೂಜೆ ಹಾಡು ಹಾಡ್ತಾರೆ. ಕೂತು ಕೇಳಿ. ಫೋನಲ್ಲಿ ಮಾತ್ರ ಹಿಡೀಬೇಡಿ," ಅಂದರು. ನಾನು ತಲೆಯಾಡಿಸಿದೆ. ಆದರೂ ಬ್ಯಾಗಿನೊಳಗೆ ಫೋನ್ ರೆಕಾರ್ಡ್ ಮಾಡುತ್ತಲೇ ಇತ್ತು. ಯಾರಿಗೇನು ನಷ್ಟ ಅಂದುಕೊಂಡಿದ್ದೆ.

ಮುಂದಿನ ಭಾನುವಾರ ಕುಮಾರಸ್ವಾಮಿ ಲೇಔಟಿನ ನಮ್ಮ ಮನೆಯಲ್ಲಿ, ಮಧ್ಯಾಹ್ನದ ಊಟ ಮುಗಿಸಿ, ಸುಮಾಗೂ ನನ್ನ ಗಂಡನಿಗೂ ಅದನ್ನು ಕೇಳಿಸಿದೆ. ಹಾಡು ಸ್ಪಷ್ಟವಾಗಿತ್ತು. ನಡುವೆ ವಯಸ್ಸಾದ ಹೆಂಗಸಿನ ದನಿ, ಫೋನಿಗೇ ಬಾಯಿಟ್ಟು ಹೇಳಿದ ಹಾಗೆ: "ಗುಬ್ಬೀ, ಕೇಳಿದ್ಯಾ?"

ನನ್ನನ್ನು ಗುಬ್ಬಿ ಎನ್ನುತ್ತಿದ್ದವಳು ಅಜ್ಜಿ ಒಬ್ಬಳೇ. ತ್ಯಾಗರಾಜನಗರದ ಮನೆಯಲ್ಲಿ ನನ್ನನ್ನು ಸಾಕಿದವಳು. ನಮ್ಮ ಮದುವೆ ನೋಡಿಯೇ ತೀರಿಕೊಂಡಿದ್ದಳು; ಅದಾಗಿ ಎಷ್ಟೋ ವರ್ಷವಾಗಿತ್ತು. ಪಕ್ಕದ ಮನೆಯ ದಾಸವಾಳವನ್ನು ನಾನು ಅವರನ್ನು ಕೇಳದೆ ಕಿತ್ತು ತಂದಾಗಲೂ ಇದೇ ಪ್ರಶ್ನೆ, ಇದೇ ದನಿ. ಗಂಡನ ಕಡೆ ನೋಡಿದೆ. ಬಾಯಿಗೆತ್ತಿದ್ದ ಲೋಟ ಅಲ್ಲೇ ನಿಂತಿತ್ತು. "ಅಜ್ಜಿ ಅಲ್ವಾ?" ಅಂದರು.

ಸುಮಾಗೆ ಹಾಡು ಬಿಟ್ಟು ಏನೂ ಕೇಳಿಸಿರಲಿಲ್ಲ. "ಸಖತ್ತಾಗಿದೆ ಕಣೇ. ಕಳ್ಸು, ನನ್ನ ಚಾನೆಲ್‌ಗೆ ಹಾಕ್ತೀನಿ," ಅಂದಳು.

"ಕಳ್ಸಲ್ಲ."

"ಭ್ರಮೆಗೆಲ್ಲ ಹೆದರ್ತೀಯಾ?"

"ಭ್ರಮೆನೋ ಏನೋ. ಕಳ್ಸಲ್ಲ ಅಂದ್ರೆ ಕಳ್ಸಲ್ಲ," ಅಂದು ಅವಳೆದುರೇ ಅಳಿಸಿದೆ. ಇವತ್ತಿಗೂ ಅವಳು ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಮರುವಾರ ಒಬ್ಬಳೇ ಬೆಟ್ಟಕ್ಕೆ ಹೋಗಿ ಮಾದಮ್ಮನ ಮುಂದೆ ಎಲ್ಲ ಒಪ್ಪಿಕೊಂಡೆ. ಅಜ್ಜಿಯ ದನಿಯ ವಿಷಯಕ್ಕೆ ಅವರು ಬೆರಗಾಗಲಿಲ್ಲ. ಕೇರುತ್ತಿದ್ದ ಮೊರವನ್ನು ಕೆಳಗಿಟ್ಟು, "ನಿಮ್ಮಜ್ಜಿ ಕೇಳಿದ್ರು ಅಂತ ಅಳಿಸಿದ್ರಿ. ನಾನು ಹೇಳಿದ್ದೆನಲ್ಲ ಮೇಡಂ, ಅದು ಸಾಕಾಗ್ಲಿಲ್ವಾ?" ಅಂದರು.

ಆ ದನಿ ಅಲ್ಲಿಗೆ ಹೇಗೆ ಬಂತೋ ನನಗೆ ಗೊತ್ತಿಲ್ಲ. ಮೊಬೈಲ್ ರಿಪೇರಿಯವನು ಒಂದು ಕಾರಣ ಹೇಳಿದ, ಮನಃಶಾಸ್ತ್ರ ಓದಿರುವ ತಮ್ಮ ಇನ್ನೊಂದು ಹೇಳಿದ. ನನ್ನ ಗಂಡನಿಗೂ ಅದೇ ಯಾಕೆ ಕೇಳಿಸಿತು ಅಂದರೆ ಇಬ್ಬರೂ ಮಾತು ಬದಲಿಸುತ್ತಾರೆ. ಅಳಿಸಿ ಸಾಕ್ಷಿ ಹಾಳುಮಾಡಿದೆ ಎಂದು ಬೈಯುವವರೂ ಇದ್ದಾರೆ. ಬೈಯಲಿ. ಸಾಕ್ಷಿಗೆಂದು ಇಟ್ಟುಕೊಳ್ಳಲು ಆ ಹಾಡು ನನ್ನದಾಗಿರಲಿಲ್ಲ.