ಸೈಲೆನ್ಸರ್ ತಗಡಿನ ಗೀರು

“ಅಮ್ಮಾವ್ರೇ, ಗಾಡೀಲಿ ಕೂತಾಗ ಕಾಲ್ಗೆಜ್ಜೆ ತಾಗಿಸ್ಬೇಡಿ. ಗೀರು ಬಿದ್ದು ಬಿದ್ದು ಇದು ಮೂರನೇ ಸಲ ಬಣ್ಣ ಹೊಡೀತಿರೋದು” ಎನ್ನುತ್ತಾ ದೇವರಾಜ ಮೊಹಲ್ಲಾದ ಪೇಂಟರ್ ಆ ತಗಡನ್ನು ನನ್ನ ಕೈಗಿತ್ತ. ಮೋಟಾರ್ ಸೈಕಲ್ಲಿನ ಸೈಲೆನ್ಸರ್ ಕಾಲು ಸುಡದಂತೆ ಮೇಲೆ ಬಿಗಿಯುವ ತಗಡು ಅದು. ಮಾರ್ಕೆಟ್ಟಿಗೆ ಹೊರಟವಳಿಗೆ ‘ಅದನ್ನೂ ಇಸ್ಕೊಂಡು ಬಾ’ ಎಂದಿದ್ದರು ನಮ್ಮ ಯಜಮಾನರು.

ಆಗಲಿ ಎಂದು ತಗಡನ್ನು ಚೀಲಕ್ಕೆ ಹಾಕಿಕೊಂಡೆ. ಅವರ ಗಾಡಿಯ ಮೇಲೆ ನಾನು ಒಂದು ದಿನವೂ ಕೂತವಳಲ್ಲ. ಅರವತ್ತರ ದಶಕದಲ್ಲಿ, ಮದುವೆಯಾದ ಹೊಸದರಲ್ಲಿ ಆಸೆಪಟ್ಟು ಕೇಳಿದ್ದಕ್ಕೆ, “ಮರ್ಯಾದಸ್ಥರ ಮನೆ ಹೆಂಗಸ್ರು ಮೋಟಾರ್ ಸೈಕಲ್ ಹತ್ತಲ್ಲ ಕಣೇ” ಎಂದಿದ್ದರು.

ಸಂಜೆ ತಗಡು ಬಿಗಿದು, ಬಟ್ಟೆಯಿಂದ ಒರೆಸಿ, “ನೋಡು, ಗೀರು ಇತ್ತು ಅಂತಾನೇ ಗೊತ್ತಾಗಲ್ಲ” ಎಂದು ಹಿಗ್ಗಿದರು.

ಅಂದು ರಾತ್ರಿ ಬಿಚ್ಚಿಟ್ಟ ನನ್ನ ಕಾಲ್ಗೆಜ್ಜೆಯನ್ನು ಮತ್ತೆಂದೂ ಹಾಕಲಿಲ್ಲ. ಯಾಕೆಂದು ಅವರು ಕೊನೆಯವರೆಗೂ ಕೇಳಲಿಲ್ಲ.